ನಿಮಗಿದು ಗೊತ್ತೇ? ‘ಮಗ’ನನ್ನು ಹುಡುಕಿದರೆ ‘ಮಗ್ಗ’ ಸಿಗುತ್ತದೆ!

● ರಬಕವಿ-ಬನಹಟ್ಟಿಯ ನೇಕಾರರ ಬಗ್ಗೆ ಬರೆದ ಯಾವುದಾದರೂ ಲೇಖನವನ್ನು ಕಂಪ್ಯೂಟರಿನಲ್ಲಿ ತೆರೆದು ‘ಮಗ’ ಎಂದು ಹುಡುಕಿ. ಲೇಖನದಲ್ಲಿ ಯಾರ ಮಗನ ಸುದ್ದಿಯೂ ಇರಲಿಕ್ಕಿಲ್ಲ. ಆದರೂ ಬಹಳಷ್ಟು ಎಡಿಟರ್‌ಗಳು ಹತ್ತಾರು ಕಡೆ ‘ಸಿಕ್ಕ, ಸಿಕ್ಕ’ ಎಂದು ಹಳದಿ ಬಣ್ಣ ಬಳಿದು ತೋರಿಸುತ್ತವೆ. ಸಿಕ್ಕಿದ್ದು ಮಗ ಅಲ್ಲ, ಮಗ್ಗ! ಕಂಪ್ಯೂಟರಿನ ಮೆಮೊರಿಯಲ್ಲಿ ‘ಮಗ’ ಎಂಬುದಕ್ಕೆ 6 ಬೈಟು, ‘ಮಗ್ಗ’ಕ್ಕೆ 12 ಬೈಟು. ಮೊದಲ ಆರು ಎರಡರಲ್ಲೂ ಒಂದೇ. ಹುಡುಕುವವನಿಗೆ ಆ ಆರು ಸಾಕು, ಮುಂದೆ ಒತ್ತಕ್ಷರ ಬಂತೋ ಇಲ್ಲವೋ ಅವನಿಗೆ ಬೇಕಿಲ್ಲ.

● ಹೀಗೆ ಕಣ್ಣುಮುಚ್ಚಿ ಹುಡುಕುವುದಕ್ಕೆಂದೇ ಪ್ರೊಸೆಸರಿನೊಳಗೆ ಒಂದು ಆದೇಶವಿದೆ. ಹೆಸರು ‘ಸ್ಕ್ಯಾಸ್‌ಬಿ’, ಅಂದರೆ ‘ಸ್ಕ್ಯಾನ್ ಸ್ಟ್ರಿಂಗ್ ಬೈಟ್’. ಇಂಟೆಲ್ ಕಂಪನಿ 1978ರ ಜೂನ್‌ನಲ್ಲಿ ಬಿಡುಗಡೆ ಮಾಡಿದ 8086 ಚಿಪ್‌ನಲ್ಲಿ ಇದು ಬಂತು. ಆ ಚಿಪ್‌ನಲ್ಲಿದ್ದದ್ದು ಸುಮಾರು 29,000 ಟ್ರಾನ್ಸಿಸ್ಟರ್, ಅಷ್ಟೇ. ಪ್ರೊಸೆಸರು ಪ್ರತಿ ಆದೇಶವನ್ನೂ ಒಂದು ಸಂಖ್ಯೆಯಿಂದ ಗುರುತಿಸುತ್ತದೆ. ಅದೇ ಆದೇಶ, ಅದೇ ಸಂಖ್ಯೆಯಲ್ಲಿ, ಇವತ್ತಿನ ಇಂಟೆಲ್ ಮತ್ತು ಎಎಂಡಿ ಲ್ಯಾಪ್‌ಟಾಪ್‌ಗಳಲ್ಲೂ ಉಳಿದಿದೆ.

● ಸ್ಕ್ಯಾಸ್‌ಬಿಯ ಸಂಖ್ಯೆ 174. ನಮ್ಮ ‘ಮ’ ಅಕ್ಷರವನ್ನು ಕಂಪ್ಯೂಟರು ಬರೆದಿಟ್ಟುಕೊಳ್ಳುವುದು 224, 178, 174 ಎಂಬ ಮೂರು ಬೈಟುಗಳಲ್ಲಿ. ಕೊನೆಯ ಬೈಟು ನೋಡಿ. ಶುದ್ಧ ಕಾಕತಾಳೀಯ, ಆದರೆ ‘ಮ’ದ ಬಾಲದಲ್ಲಿ ಹುಡುಕುವ ಆದೇಶವೇ ಕೂತಿರುವುದು ನನಗೆ ಯಾಕೋ ಖುಷಿ ಕೊಡುತ್ತದೆ.

● ‘ಸಿಗುವ ತನಕ ಹುಡುಕುತ್ತಲೇ ಇರು’ ಎಂದು ಹೇಳಬೇಕಾದರೆ ಸ್ಕ್ಯಾಸ್‌ಬಿಯ ಮುಂದೆ ‘ರೆಪ್‌ಎನ್‌ಇ’ ಎಂಬ ಇನ್ನೊಂದು ಬೈಟು, 242, ಹಚ್ಚಬೇಕು. ಎರಡೂ ಸೇರಿ ಎರಡೇ ಬೈಟು. ಒಂದು ಕನ್ನಡ ಅಕ್ಷರಕ್ಕೆ ಮೂರು ಬೈಟು ಬೇಕು. ಅಂದರೆ ಇಡೀ ಹುಡುಕಾಟದ ಆಜ್ಞೆ ಒಂದು ‘ಕ’ಕ್ಕಿಂತ ಚಿಕ್ಕದು!

● ಮುಧೋಳ ನಾಯಿ ಮೂಗಿಗಿಂತ ಕಣ್ಣನ್ನು ನೆಚ್ಚಿ ಬೇಟೆಯಾಡುವ ತಳಿ. ಭಾರತದ ಅಂಚೆ ಇಲಾಖೆ 2005ರಲ್ಲಿ ಅದರ ಅಂಚೆಚೀಟಿಯನ್ನೂ ತಂದಿತು. ಸ್ಕ್ಯಾಸ್‌ಬಿಗೆ ಕಣ್ಣೂ ಇಲ್ಲ, ಮೂಗೂ ಇಲ್ಲ. ಅದು ಮಾಡುವುದು ಬರೀ ಕಳೆಯುವ ಲೆಕ್ಕ. ನಿಮಗೆ ಬೇಕಾದ ಬೈಟಿನಿಂದ ಎದುರಿಗಿರುವ ಬೈಟನ್ನು ಕಳೆಯುತ್ತದೆ, ಉತ್ತರವನ್ನು ಎಸೆದುಬಿಡುತ್ತದೆ, ಸೊನ್ನೆ ಬಂದಿತ್ತೇ ಎಂಬುದನ್ನು ‘ಜೀರೋ ಫ್ಲ್ಯಾಗ್’ ಎಂಬ ಒಂದು ಗುರುತಿನಲ್ಲಿ ಬರೆದಿಡುತ್ತದೆ. ಸೊನ್ನೆ ಬಂದರೆ ಸಿಕ್ಕಿತು ಎಂದರ್ಥ.

● ಈ ಕೆಲಸಕ್ಕೆ ಮುಖ್ಯವಾಗಿ ಬೇಕಾದದ್ದು ಮೂರು ರಿಜಿಸ್ಟರ್, ಅಂದರೆ ಪ್ರೊಸೆಸರಿನೊಳಗಿನ ಪುಟ್ಟ ಗೂಡುಗಳು. ‘ಎಎಲ್’ನಲ್ಲಿ ಏನು ಬೇಕು ಎಂಬುದು, ‘ಡಿಐ’ನಲ್ಲಿ ಎಲ್ಲಿ ನೋಡಬೇಕು ಎಂಬುದು, ‘ಸಿಎಕ್ಸ್’ನಲ್ಲಿ ಎಷ್ಟು ನೋಡಬೇಕು ಎಂಬುದು. ಬೇರೆ ರಿಜಿಸ್ಟರ್ ಕೊಟ್ಟರೆ ನಡೆಯುವುದಿಲ್ಲ. ಮನೆಯಲ್ಲಿ ಅಜ್ಜನ ಕುರ್ಚಿಯಲ್ಲಿ ಅಜ್ಜನೇ ಕೂರಬೇಕು ಎಂದಿರುತ್ತದಲ್ಲ, ಹಾಗೆ.

● ಈಗ ಒಂದನ್ನು ಕೈಯಾರೆ ಮಾಡಿ ನೋಡೋಣ. ಜಮಖಂಡಿಯ ಪಿನ್‌ಕೋಡ್ 587301. ಕಂಪ್ಯೂಟರು ಅಂಕೆಗಳನ್ನು ಅಕ್ಷರವಾಗಿ ಬರೆಯುವಾಗ 5ಕ್ಕೆ 53, 8ಕ್ಕೆ 56, 7ಕ್ಕೆ 55, 3ಕ್ಕೆ 51, 0ಗೆ 48, 1ಕ್ಕೆ 49 ಎಂಬ ಬೈಟುಗಳನ್ನು ಇಡುತ್ತದೆ. ಮೊದಲ ಅಂಕೆ ಮೆಮೊರಿಯ 1000ನೇ ಮನೆಯಲ್ಲಿದೆ ಎಂದುಕೊಳ್ಳಿ. ನಮಗೆ 7 ಬೇಕು. ಎಎಲ್‌ನಲ್ಲಿ 55, ಡಿಐನಲ್ಲಿ 1000, ಸಿಎಕ್ಸ್‌ನಲ್ಲಿ 6 ಇಟ್ಟು ಬಿಡುತ್ತೇವೆ. 1000ನೇ ಮನೆಯಲ್ಲಿ 53, ಅಲ್ಲ. 1001ರಲ್ಲಿ 56, ಅಲ್ಲ. 1002ರಲ್ಲಿ 55, ಹೌದು! ನಿಂತಿತು. ಈಗ ಡಿಐ ತೆರೆದು ನೋಡಿದರೆ ಎಷ್ಟಿರುತ್ತದೆ? 1002 ಅಲ್ಲ. 1003! ನೋಡಿದ ಕೂಡಲೇ ಒಂದು ಹೆಜ್ಜೆ ಮುಂದಿಟ್ಟು ಆಮೇಲೆ ನಿಲ್ಲುವುದು ಇದರ ಚಾಳಿ.

ನಾನು ಲ್ಯಾಬಿನಲ್ಲಿ ಪಾಠ ಮಾಡುತ್ತಿದ್ದ ದಿನಗಳಲ್ಲಿ ಪ್ರತಿ ವರ್ಷ, ಪ್ರತಿ ಬ್ಯಾಚಿನಲ್ಲಿ, ಒಬ್ಬನಾದರೂ ಕೈಯೆತ್ತುತ್ತಿದ್ದ. “ಸರ, ಏಳು ಹುಡುಕಂದ್ರ ಮೂರು ತೋರಸಾಕತ್ತೈತ್ರಿ.” “ಒಂದು ಕಳೀಪಾ ತಮ್ಮಾ” ಎಂದರೆ ಸಾಕು, ಮುಖ ಅರಳುತ್ತಿತ್ತು. ಪಾಸಾಗುವುದಕ್ಕೆ ಬೇಕಾದ ಅರ್ಧ ಜ್ಞಾನ ಆ ಒಂದು ಕಳೆಯುವುದರಲ್ಲೇ ಇತ್ತು.

● ಅದೇ ಪಿನ್‌ಕೋಡಿನಲ್ಲಿ ಕೊನೆಯ 1 ಹುಡುಕಿದರೆ? ಆರನೇ ಹೆಜ್ಜೆಯಲ್ಲಿ ಸಿಗುತ್ತದೆ, ಅಷ್ಟೊತ್ತಿಗೆ ಸಿಎಕ್ಸ್ ಸೊನ್ನೆಯಾಗಿರುತ್ತದೆ. 9 ಹುಡುಕಿದರೆ? ಸಿಗುವುದಿಲ್ಲ, ಆಗಲೂ ಸಿಎಕ್ಸ್ ಸೊನ್ನೆಯೇ. ಹಾಗಾಗಿ ‘ಸಿಎಕ್ಸ್ ಮುಗಿಯಿತು, ಅಂದರೆ ಸಿಗಲಿಲ್ಲ’ ಎಂದು ಬರೆದವರ ಪ್ರೋಗ್ರಾಮು ಸಾಲಿನ ಕೊನೆಯಲ್ಲಿ ನಿಂತವನನ್ನು ಕಾಣುವುದೇ ಇಲ್ಲ. ಕೇಳಬೇಕಾದದ್ದು ಜೀರೋ ಫ್ಲ್ಯಾಗನ್ನು.

● ಇದಕ್ಕಿಂತ ಮೋಜಿನದು: ಸಿಎಕ್ಸ್‌ನಲ್ಲಿ ಮೊದಲೇ ಸೊನ್ನೆ ಇಟ್ಟರೆ ರೆಪ್‌ಎನ್‌ಇ ಒಂದು ಬೈಟನ್ನೂ ನೋಡುವುದಿಲ್ಲ, ಫ್ಲ್ಯಾಗನ್ನೂ ಮುಟ್ಟುವುದಿಲ್ಲ. ಹಿಂದಿನ ಯಾವುದೋ ಲೆಕ್ಕದಿಂದ ಫ್ಲ್ಯಾಗಿನಲ್ಲಿ ‘ಸಿಕ್ಕಿದೆ’ ಎಂದು ಉಳಿದಿದ್ದರೆ, ಖಾಲಿ ಚೀಲದಲ್ಲಿ ಕೈಹಾಕಿ ‘ಸಿಕ್ತು’ ಎಂದ ಹಾಗಾಗುತ್ತದೆ.

● ಈ ಹುಡುಕಾಟ ಮಗ್ಗದ ಊರಿನವರಿಗೆ ಹೊಸದೇನಲ್ಲ. ಹಳೆಯ ಪವರ್‌ಲೂಮಿನ ಪಕ್ಕದಲ್ಲಿ ಐದು ನಿಮಿಷ ನಿಂತು ನೋಡಿ. ಲಾಳಿ ಈ ಕಡೆಯಿಂದ ಆ ಕಡೆಗೆ ಹಾರಿದಾಗಲೆಲ್ಲ ಬದಿಯಲ್ಲಿ ಒಂದು ಚಿಕ್ಕ ಮುಳ್ಳುಚಮಚದಂಥದ್ದು ಹೊಕ್ಕಿನ ಎಳೆಯನ್ನು ಮುಟ್ಟಿ ನೋಡುತ್ತದೆ. ಎಳೆ ಇದ್ದರೆ ಅದು ಬಾಗುತ್ತದೆ, ಮಗ್ಗ ಓಡುತ್ತದೆ. ಕಂಡಿಕೆ ಖಾಲಿಯಾಗಿಯೋ ಎಳೆ ಹರಿದೋ ಏನೂ ತಾಗದಿದ್ದರೆ ಬಾಗುವುದಿಲ್ಲ, ಕೊಕ್ಕೆಗೆ ಸಿಕ್ಕು ಮಗ್ಗವನ್ನು ನಿಲ್ಲಿಸುತ್ತದೆ. ನೋಡು, ಇದ್ದರೆ ಮುಂದೆ ಹೋಗು, ಇಲ್ಲದಿದ್ದರೆ ನಿಲ್ಲು. ಕಂಪ್ಯೂಟರಿನವರು ಇದಕ್ಕೆ ‘ರೆಪ್‌ಇ’ ಎನ್ನುತ್ತಾರೆ, ಅಂದರೆ ಸರಿಹೊಂದುತ್ತಿರುವಷ್ಟು ಹೊತ್ತು ನಡೆ. ಖಡಖಡ ಸದ್ದಿನ ನಡುವೆ ಒಂದು ಮಗ್ಗ ಮೌನವಾದರೆ ಮಾಲೀಕನಿಗೆ ಮೂಲೆಯಲ್ಲಿ ಕೂತಲ್ಲೇ ಗೊತ್ತಾಗುತ್ತದೆ. ಅವನ ಜೀರೋ ಫ್ಲ್ಯಾಗು ಅದೇ.

● ಕಂಪ್ಯೂಟರಿಗೂ ಮಗ್ಗಕ್ಕೂ ನಂಟು ಬರೀ ಹೋಲಿಕೆಯದ್ದಲ್ಲ. ಫ್ರಾನ್ಸಿನ ಲಿಯೋನ್ ಪಟ್ಟಣದ ಜಕಾರ್ಡ್ 1804ರಲ್ಲಿ ತೂತು ಹೊಡೆದ ರಟ್ಟಿನ ಕಾರ್ಡುಗಳಿಂದ ವಿನ್ಯಾಸ ನೇಯುವ ಯಂತ್ರ ಮಾಡಿದ. ತೂತಿದ್ದಲ್ಲಿ ಎಳೆ ಏಳುತ್ತದೆ, ಇಲ್ಲದಲ್ಲಿ ಏಳುವುದಿಲ್ಲ. ಇಂಗ್ಲೆಂಡಿನ ಚಾರ್ಲ್ಸ್ ಬ್ಯಾಬೇಜ್ ತನ್ನ ‘ಅನಲಿಟಿಕಲ್ ಎಂಜಿನ್’ಗೆ ಇದೇ ಕಾರ್ಡು ಬೇಕೆಂದ. ಅಮೆರಿಕದ 1890ರ ಜನಗಣತಿಯನ್ನು ಹರ್ಮನ್ ಹೊಲೆರಿತ್ ತೂತಿನ ಕಾರ್ಡುಗಳಿಂದಲೇ ಎಣಿಸಿದ. ಜಕಾರ್ಡ್‌ನ ರೇಷ್ಮೆಯಲ್ಲಿ ನೇಯ್ದ ಭಾವಚಿತ್ರವೊಂದು ಬ್ಯಾಬೇಜ್ ಬಳಿ ಇತ್ತು, ಅದಕ್ಕೆ 24,000 ಕಾರ್ಡು ಹಿಡಿದಿತ್ತಂತೆ. ಸೀರೆಯ ಸೆರಗಿಗೆ ಕಾರ್ಡು ಜೋಡಿಸುವ ಬನಹಟ್ಟಿಯ ಹುಡುಗ ಪ್ರೋಗ್ರಾಮರ್ ಅಲ್ಲ ಎನ್ನುವವರು ಯಾರು?

● ಇಂಗ್ಲಿಷಿನಲ್ಲಿ ‘ಸ್ಟ್ರಿಂಗ್’ ಎಂದರೆ ದಾರ. ಅಕ್ಷರಗಳನ್ನು ಮಣಿಗಳಂತೆ ಪೋಣಿಸಿದ್ದಕ್ಕೂ ಅದೇ ಹೆಸರು. ನಮ್ಮಲ್ಲಿ ‘ಅಕ್ಷರಮಾಲೆ’ ಎಂದು ಅನುವಾದಿಸುವವರಿದ್ದಾರೆ. ಮಾಲೆಯೂ ದಾರದ್ದೇ, ಸರಿಹೋಯಿತು.

● ದಾರ ಎಲ್ಲಿ ಮುಗಿಯಿತು ಎಂದು ತಿಳಿಯುವುದು ಹೇಗೆ? ಸಿ ಭಾಷೆಯವರು ಕೊನೆಯಲ್ಲಿ ಒಂದು ಸೊನ್ನೆ ಬೈಟು ಇಟ್ಟು ಗಂಟು ಹಾಕುತ್ತಾರೆ. ಡಾಸ್ ಕಾಲದಲ್ಲಿ ಪರದೆಯ ಮೇಲೆ ಸಾಲು ಮುದ್ರಿಸುವ 9ನೇ ಸೇವೆಗೆ ಡಾಲರ್ ಚಿಹ್ನೆಯೇ ಗಂಟು. ಹಾಗಾಗಿ ‘ಬೆಲೆ ಇಷ್ಟು ಡಾಲರ್’ ಎಂದು ಚಿಹ್ನೆ ಹಾಕಿ ಅದರಿಂದ ಬರೆಸುವಂತೆಯೇ ಇರಲಿಲ್ಲ. ಚಿಹ್ನೆ ಕಂಡಲ್ಲಿಗೆ ಮಾತು ಮುಗಿಯುತ್ತಿತ್ತು. ರೂಪಾಯಿಯವರಾದ ನಮಗೆ ತೊಂದರೆಯಾಗಲಿಲ್ಲ.

● ಸೊನ್ನೆಯ ಗಂಟು ಹುಡುಕಿ ಉದ್ದ ಅಳೆಯುವ ಒಂದು ಹಳೆಯ ಕೈಚಳಕವಿದೆ. ಸಿಎಕ್ಸ್‌ನಲ್ಲಿ 65,535 ತುಂಬಿ, ಎಎಲ್‌ನಲ್ಲಿ ಸೊನ್ನೆ ಇಟ್ಟು ಓಡಿಸುವುದು. ‘ಜಮಖಂಡಿ’ಗೆ 18 ಬೈಟು, ಗಂಟಿಗೆ ಒಂದು, ಒಟ್ಟು 19 ಹೆಜ್ಜೆ. ಸಿಎಕ್ಸ್‌ನಲ್ಲಿ 65,516 ಉಳಿಯುತ್ತದೆ. ಅದರ ಎಲ್ಲ ಬಿಟ್‌ಗಳನ್ನು ಉಲ್ಟಾ ಮಾಡಿದರೆ ಸರಿಯಾಗಿ 19. ಒಂದು ಕಳೆದರೆ 18. ಒಂದೂ ಕೂಡಿಸದೆ ಎಣಿಕೆ ಮುಗಿಯಿತು! ಮೊದಲ ಸಲ ಇದನ್ನು ಕಾಗದದ ಮೇಲೆ ಬಿಡಿಸಿದ ರಾತ್ರಿ ನನಗೆ ನಿದ್ದೆ ಹತ್ತಿರಲಿಲ್ಲ.

● ಆದರೆ 18 ಯಾವುದರ ಉದ್ದ? ಕಣ್ಣಿಗೆ ‘ಜಮಖಂಡಿ’ ನಾಲ್ಕೇ ಅಕ್ಷರ: ಜ, ಮ, ಖಂ, ಡಿ. ಪ್ರತಿ ಚಿಹ್ನೆಗೂ ಒಂದು ಸಂಖ್ಯೆ ಕೊಡುವ ಯೂನಿಕೋಡ್ ಲೆಕ್ಕದಲ್ಲಿ ಆರು: ಜ, ಮ, ಖ, ಅನುಸ್ವಾರ, ಡ, ಗುಡಿಸು. ಒಂದೊಂದಕ್ಕೆ ಮೂರರಂತೆ 18 ಬೈಟು. ನಾಲ್ಕೋ ಆರೋ ಹದಿನೆಂಟೋ ಎಂದು ಕೇಳಿದರೆ ಮೂರೂ ಸರಿ. ಕನ್ನಡದಲ್ಲಿ ಬರೆದ ಎಸ್ಸೆಮ್ಮೆಸ್ 160ರ ಬದಲು 70ಕ್ಕೇ ತುಂಬಿಬಿಡುತ್ತಿದ್ದುದೂ ಇಂಥದೇ ಲೆಕ್ಕದಿಂದ. ಅಲ್ಲಿ ಒಂದೊಂದಕ್ಕೆ ಎರಡು ಬೈಟು, ಒಟ್ಟು ಜಾಗ 140.

● ಯೂನಿಕೋಡಿನಲ್ಲಿ ಕನ್ನಡಕ್ಕೆ ಕೊಟ್ಟ ಮನೆಗಳು 3200ರಿಂದ 3327ರ ತನಕ, ಒಟ್ಟು 128. ಈ ಸಂಖ್ಯೆಗಳನ್ನು ಬೈಟುಗಳಾಗಿ ಮುರಿಯುವ ‘ಯುಟಿಎಫ್-8’ ಕ್ರಮವನ್ನು ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ 1992ರ ಸೆಪ್ಟೆಂಬರಿನಲ್ಲಿ ನ್ಯೂಜೆರ್ಸಿಯ ಒಂದು ಖಾನಾವಳಿಯಲ್ಲಿ ಕೂತು, ತಟ್ಟೆಯ ಕೆಳಗಿನ ಕಾಗದದ ಮೇಲೆ ಗೀಚಿದರು. ಊಟದ ಹೊತ್ತಿನಲ್ಲಿ ನಮ್ಮ ವರ್ಣಮಾಲೆಗೂ ಮೂರು ಮೂರು ಬೈಟಿನ ಪಾಲು ಬಂತು.

● ಆ ಕ್ರಮದ ಜಾಣ್ಮೆ ಇಲ್ಲಿದೆ: ಪ್ರತಿ ಕನ್ನಡ ಚಿಹ್ನೆಯೂ 224ರಿಂದಲೇ ಶುರು, ಮತ್ತು 224 ಚಿಹ್ನೆಯ ನಡುವೆ ಎಂದೂ ಬರುವುದಿಲ್ಲ. ಹಾಗಾಗಿ ಶುದ್ಧ ಕನ್ನಡ ಪಠ್ಯದಲ್ಲಿ ಎಷ್ಟು ಚಿಹ್ನೆ ಎಂದು ತಿಳಿಯಲು ಸ್ಕ್ಯಾಸ್‌ಬಿಯಿಂದ 224 ಎಷ್ಟು ಸಲ ಸಿಕ್ಕಿತು ಎಂದು ಎಣಿಸಿದರೆ ಆಯಿತು. ‘ರಬಕವಿ-ಬನಹಟ್ಟಿ’ಯಲ್ಲಿ 224 ಸಿಗುವುದು 12 ಸಲ. ಒಟ್ಟು ಬೈಟು ಮಾತ್ರ 36 ಅಲ್ಲ, 37. ಎರಡು ಊರುಗಳನ್ನು ಜೋಡಿಸುವ ಆ ಅಡ್ಡಗೆರೆಗೆ ಒಂದೇ ಬೈಟು.

● ಮೂರರಲ್ಲಿ ಒಂದನ್ನು ಮಾತ್ರ ನೋಡಿ ಅಕ್ಷರ ಗುರುತಿಸಲು ಹೋದರೆ ಮುಧೋಳದವರು ಮೋಸ ಹೋಗುತ್ತಾರೆ. ‘ಳ’ದ ಕೊನೆಯ ಬೈಟು 179. ‘ಮುಧೋಳ’ದಲ್ಲಿ 179 ಹುಡುಕಿದರೆ ಮೂರು ಸಲ ಸಿಗುತ್ತದೆ! ‘ಮು’ವಿನ ಕೊಂಬಿನಲ್ಲೊಮ್ಮೆ, ‘ಧೋ’ದ ಓತ್ವದಲ್ಲೊಮ್ಮೆ, ಕಡೆಗೆ ನಿಜವಾದ ‘ಳ’ದಲ್ಲಿ. ಮೊದಲೆರಡು ಕಡೆ ಅದು ನಡುವಿನ ಬೈಟು, ಮೂರನೆಯದರಲ್ಲಿ ಕೊನೆಯದು. ‘ಲ’ದ ಕಥೆ ಇನ್ನೂ ಚೆನ್ನ: 224, 178, 178. ನಡುವೆಯೂ ತಾನೇ, ಕೊನೆಯಲ್ಲೂ ತಾನೇ.

● ಬಾಗಲಕೋಟೆ ಜಿಲ್ಲೆಯದು ‘ಬೀಳಗಿ’. ಉತ್ತರ ಕನ್ನಡದ ಸಿದ್ದಾಪುರ ತಾಲೂಕಿನಲ್ಲಿರುವುದು ‘ಬಿಳಗಿ’. ಮಲೆನಾಡಿನ ಬಿಳಗಿಗೂ ಕೃಷ್ಣೆಯ ಹಿನ್ನೀರಿನ ಬೀಳಗಿಗೂ ಒಂದು ದೀರ್ಘದ ಅಂತರ. ಬೈಟುಗಳಲ್ಲಿ ಹ್ರಸ್ವದ ಗುಡಿಸು 224, 178, 191. ದೀರ್ಘದ್ದು 224, 179, 128. ಪಕ್ಕಪಕ್ಕದ ಮನೆಗಳೇ, ಆದರೆ ನಡುವಿನ ಬೈಟೇ ಬದಲಾಗುವ ಗಡಿ ಸರಿಯಾಗಿ ಇಬ್ಬರ ನಡುವೆ ಹಾದುಹೋಗಿದೆ.

● ನಮ್ಮ ಕಡೆ ಊರ ಹೆಸರೇ ಅಡ್ಡಹೆಸರು: ಬೀಳಗಿ, ಮುಧೋಳ, ಜಮಖಂಡಿ, ಬನಹಟ್ಟಿ. ನನ್ನದೂ ಅಂಥದೇ. ಒಮ್ಮೆ ಒಂದು ಕಚೇರಿಯಲ್ಲಿ ಕಾಗದ ಪಡೆಯಲು ಹೋದಾಗ ಕಂಪ್ಯೂಟರ್ ಮುಂದೆ ಕೂತಿದ್ದ ಹುಡುಗಿ, “ನಿಮ್ಮ ಹೆಸರೇ ಇಲ್ರಿ ಕಾಕಾ” ಎಂದಳು. ಎದುರಿಗೇ ನಿಂತಿದ್ದೇನೆ, ಹೆಸರಿಲ್ಲ! ಮೂರನೇ ಸಲ, “ದೀರ್ಘ ತಗದು ಹೊಡದು ನೋಡವಾ” ಎಂದೆ. ಸಿಕ್ಕೆ. ಯಾರೋ ಎಂದೋ ಹ್ರಸ್ವ ಹೊಡೆದಿದ್ದರು. ಆ ಮಧ್ಯಾಹ್ನ ಬಸ್ಸು ತಪ್ಪಿತು.

● ಕಣ್ಣಿಗೆ ಎಳೆ ಎಳೆಯೂ ಒಂದೇ ಆಗಿದ್ದರೂ ಸಿಗದಿರಬಹುದು. ‘ಧೋ’ದ ಓತ್ವವನ್ನು ಯೂನಿಕೋಡಿನಲ್ಲಿ ಒಂದಕ್ಕಿಂತ ಹೆಚ್ಚು ಬಗೆಯಲ್ಲಿ ಬರೆಯಬಹುದು. ಒಂದೇ ಚಿಹ್ನೆಯಾಗಿ, ಇಲ್ಲವೇ ಬಿಡಿಸಿ ಮೂರು ಚಿಹ್ನೆಗಳಾಗಿ: ಎತ್ವ, ಕೊಂಬಿನ ದೀರ್ಘ, ದೀರ್ಘದ ಗುರುತು. ಮೊದಲ ಬಗೆಯ ‘ಮುಧೋಳ’ 15 ಬೈಟು. ಎರಡನೆಯದು 21. ಪರದೆಯ ಮೇಲೆ ಎರಡೂ ಒಂದೇ. ಸ್ಕ್ಯಾಸ್‌ಬಿಗೆ ಮಾತ್ರ ಎರಡು ಬೇರೆ ಬೇರೆ ಊರು. ಹಳೆಯ ಮ್ಯಾಕ್ ಕಂಪ್ಯೂಟರುಗಳ ಎಚ್‌ಎಫ್‌ಎಸ್ ಪ್ಲಸ್ ವ್ಯವಸ್ಥೆ ಫೈಲಿನ ಹೆಸರುಗಳನ್ನು ಹೀಗೆ ಬಿಡಿಸಿಯೇ ಇಡುತ್ತಿತ್ತು. ಅದಕ್ಕೇ ಜಾಣರು ಹುಡುಕುವ ಮೊದಲು ಎರಡನ್ನೂ ಒಂದೇ ರೂಪಕ್ಕೆ ತಂದುಕೊಳ್ಳುತ್ತಾರೆ.

● ‘ಪವರ್‌ಲೂಮ್’ ಎಂದು ಟೈಪಿಸುವಾಗ ‘ರ್’ಗೂ ‘ಲೂ’ಗೂ ಮಧ್ಯೆ ಕಣ್ಣಿಗೆ ಕಾಣದ ಒಂದು ಚಿಹ್ನೆ ಇರುತ್ತದೆ. ಅದಿಲ್ಲದಿದ್ದರೆ ‘ಪವರ್ಲೂಮ್’ ಆಗಿ ಅಂಟಿಕೊಳ್ಳುತ್ತದೆ. ಆ ಚಿಹ್ನೆಗೂ ಮೂರು ಬೈಟು: 226, 128, 140. ಶುರುವಾಗುವುದು 226ರಿಂದ, ಹಾಗಾಗಿ 224 ಎಣಿಸುವವನ ಕಣ್ಣಿಗೂ ಬೀಳುವುದಿಲ್ಲ.

● ಯೂನಿಕೋಡ್ ರೂಢಿಗೆ ಬರುವ ಮುನ್ನ ನುಡಿ, ಬರಹ ತಂತ್ರಾಂಶಗಳಲ್ಲಿ ಹೊಡೆದ ಕಡತಗಳು ಇನ್ನೂ ಪೆನ್‌ಡ್ರೈವ್‌ಗಳಲ್ಲಿ ಮಲಗಿವೆ. ಅವುಗಳಲ್ಲಿ ಇರುವುದು ಅಕ್ಷರವಲ್ಲ, ಅಕ್ಷರದ ತುಂಡುಗಳ ಚಿತ್ರಸಂಖ್ಯೆ. ಅಲ್ಲಿ ಯೂನಿಕೋಡಿನ ‘ಜಮಖಂಡಿ’ ಹುಡುಕಿದರೆ ಜನ್ಮದಲ್ಲಿ ಸಿಗಲಾರದು.

● ಜತ್ತ ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಗಡಿ ತಾಲೂಕು, ಕನ್ನಡ ಮಾತು ಅಲ್ಲಿ ಇಂದಿಗೂ ದಂಡಿಯಾಗಿ ಕೇಳುತ್ತದೆ. ಅದನ್ನು ಹುಡುಕಿದರೆ ‘ಜತ್ತಿ’ಯೂ ಸಿಗುತ್ತದೆ: ಜಮಖಂಡಿ ತಾಲೂಕಿನ ಸಾವಳಗಿಯ ಬಿ. ಡಿ. ಜತ್ತಿ, 1977ರಲ್ಲಿ ಹಂಗಾಮಿ ರಾಷ್ಟ್ರಪತಿಯಾಗಿದ್ದವರು. ಗುಡಿಸು ಬರುವ ಮೊದಲೇ ಹುಡುಕಾಟ ಮುಗಿದಿರುತ್ತದೆ.

● ರನ್ನ ಮುಧೋಳದವನು. ಅವನ ‘ಗದಾಯುದ್ಧ’ದ ಹೆಗ್ಗಳಿಕೆಯೇ ಸಿಂಹಾವಲೋಕನ ಕ್ರಮ. ಮಹಾಭಾರತ ಯುದ್ಧದ ಕೊನೆಯ ದಿನದಲ್ಲಿ ನಿಂತು ಹಿಂದಿನ ಇಡೀ ಕಥೆಯನ್ನು ಹೊರಳಿ ನೋಡುವುದು. ಹತ್ತು ಶತಮಾನ ಕಳೆದು ಬಂದ 8086ಗೂ ಈ ವಿದ್ಯೆ ಗೊತ್ತು. ‘ಡೈರೆಕ್ಷನ್ ಫ್ಲ್ಯಾಗ್’ ಎಂಬ ಒಂದು ಬಿಟ್ ಇದೆ. ಅದು ಸೊನ್ನೆಯಾಗಿದ್ದರೆ ಸ್ಕ್ಯಾಸ್‌ಬಿ ಮುಂದಕ್ಕೆ ನಡೆಯುತ್ತದೆ, ಒಂದಾಗಿದ್ದರೆ ಕೊನೆಯಿಂದ ಹಿಂದಕ್ಕೆ. ‘ಎಸ್‌ಟಿಡಿ’ ಎಂದರೆ ಹಿಂದೆ ಹೊರಳು, ‘ಸಿಎಲ್‌ಡಿ’ ಎಂದರೆ ಮುಂದೆ ನೋಡು. ಫೈಲಿನ ದಾರಿಯಲ್ಲಿ ಕೊನೆಯ ಓರೆಗೆರೆ ಎಲ್ಲಿದೆ, ಸಾಲಿನ ತುದಿಯ ಖಾಲಿ ಜಾಗಗಳನ್ನು ಎಲ್ಲಿಯವರೆಗೆ ಕತ್ತರಿಸಬೇಕು, ಇಂಥದ್ದಕ್ಕೆ ಹಿಂದಿನಿಂದ ಬರುವುದೇ ಸುಲಭ. ದುರ್ಯೋಧನನೂ ಕೊನೆಗೆ ಸಿಕ್ಕದ್ದು ಕೊಳದಲ್ಲಿ ತಾನೇ. ಮೊದಲಿನಿಂದ ಹುಡುಕುತ್ತ ಬಂದಿದ್ದರೆ ಭೀಮನಿಗೆ ಹದಿನೆಂಟು ದಿನ ಬೇಕಾಗುತ್ತಿತ್ತು.

● ಹಿಂದೆ ಹೊರಳಿದವರು ಮತ್ತೆ ಮುಂದೆ ತಿರುಗಲು ಮರೆತರೆ? 2008ರಲ್ಲಿ ಹಾಗೇ ಆಯಿತು. ಜಿಸಿಸಿ ಎಂಬ ಜನಪ್ರಿಯ ಕಂಪೈಲರಿನ 4.3ನೇ ಆವೃತ್ತಿ, ‘ಫ್ಲ್ಯಾಗು ಹೇಗೂ ಮುಂದಕ್ಕೇ ಇರಬೇಕು ಎಂಬ ನಿಯಮವಿದೆಯಲ್ಲ’ ಎಂದು ಪ್ರತಿ ಸಲ ಸಿಎಲ್‌ಡಿ ಹಾಕುವುದನ್ನು ಬಿಟ್ಟಿತು. ನಿಯಮ ನಿಜ. ಆದರೆ ಲಿನಕ್ಸ್‌ನ ಕರ್ನಲ್ಲು ತುರ್ತು ಸಂಕೇತ ಬಂದಾಗ ಪ್ರೋಗ್ರಾಮಿನ ಬೇರೆ ಭಾಗಕ್ಕೆ ಜಿಗಿಯುವಾಗ ಫ್ಲ್ಯಾಗನ್ನು ಸರಿಮಾಡದೆ ಇದ್ದಂತೆಯೇ ಬಿಡುತ್ತಿತ್ತು. ಹಿಂದೆ ನೋಡುತ್ತಿದ್ದಾಗಲೇ ಸಂಕೇತ ಬಂದರೆ ಮುಂದಿನ ನಕಲೆಲ್ಲ ಉಲ್ಟಾ ದಿಕ್ಕಿಗೆ! ವರ್ಷಗಟ್ಟಲೆ ಸಿಎಲ್‌ಡಿಯ ಸೆರಗಿನಲ್ಲಿ ಅಡಗಿದ್ದ ತಪ್ಪು ಸೆರಗು ಸರಿದ ಕೂಡಲೇ ಕಂಡಿತು. ಕರ್ನಲ್ ತಿದ್ದಿದರು.

● 8086ಗೇ ಹುಟ್ಟಿನಿಂದ ಒಂದು ಮರೆವು ಇತ್ತು. ಸ್ಟ್ರಿಂಗ್ ಆದೇಶದ ಮುಂದೆ ರೆಪ್‌ಎನ್‌ಇಯಂಥ ಎರಡು ಪೂರ್ವಪ್ರತ್ಯಯ ಹಚ್ಚಿ, ಕೆಲಸದ ಮಧ್ಯೆ ಬೇರೆ ಕರೆ ಬಂದರೆ, ಮರಳಿ ಬಂದಾಗ ಕೊನೆಯದೊಂದು ಮಾತ್ರ ನೆನಪಿರುತ್ತಿತ್ತು. ಒಲೆಯ ಮೇಲೆ ಹಾಲಿಟ್ಟು ಫೋನೆತ್ತಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

● ವೇಗ ಎಷ್ಟು? 8086ರಲ್ಲಿ ಒಂದು ಬೈಟು ನೋಡಲು 15 ಗಡಿಯಾರ ಮಿಡಿತ. ಮೊದಲ ಚಿಪ್‌ಗಳ 5 ಮೆಗಾಹರ್ಟ್ಸ್‌ನಲ್ಲಿ ಅದು 3 ಮೈಕ್ರೋಸೆಕೆಂಡ್. ಮೆಮೊರಿಯ ಒಂದು ಸೆಗ್ಮೆಂಟಿನ, ಅಂದರೆ ಒಂದು ಹೋಳಿನ, 65,536 ಬೈಟುಗಳನ್ನು ತಡಕಾಡಲು ಸುಮಾರು 0.2 ಸೆಕೆಂಡು. ಅಂದಿಗೆ ಅದು ಬಿರುಗಾಳಿ.

● ಇಂಟೆಲ್ ಮೊದಲಿಗನೇನಲ್ಲ. ಐಬಿಎಂ 1964ರಲ್ಲಿ ಘೋಷಿಸಿದ ಸಿಸ್ಟಂ/360ರಲ್ಲಿ ‘ಟಿಆರ್‌ಟಿ’ ಎಂಬ ಆದೇಶ ಒಂದೇ ಸಲಕ್ಕೆ 256 ಬೈಟುಗಳ ತನಕ ಜರಡಿ ಹಿಡಿಯುತ್ತಿತ್ತು. ಒಂದೇ ಅಕ್ಷರವಲ್ಲ, ಪಟ್ಟಿಯಲ್ಲಿ ಗುರುತು ಹಾಕಿಕೊಟ್ಟ ಯಾವ ಅಕ್ಷರ ಬಂದರೂ ನಿಲ್ಲುವ ಜಾಣ. ಜೈಲಾಗ್‌ನ ಜೆಡ್80 ಚಿಪ್‌ನಲ್ಲಿ (1976) ‘ಸಿಪಿಐಆರ್’ ಮುಂದಕ್ಕೆ, ‘ಸಿಪಿಡಿಆರ್’ ಹಿಂದಕ್ಕೆ ಹುಡುಕುತ್ತಿದ್ದವು. ಅದೇ ಕಾಲದ ಇಂಟೆಲ್ 8085ರಲ್ಲಿ ಇಂಥದ್ದೇನೂ ಇರಲಿಲ್ಲ. ಡಿಪ್ಲೊಮಾ ಲ್ಯಾಬಿನ 8085 ಕಿಟ್ ಮೇಲೆ ಹದಿನಾರರ ಅಂಕೆಗಳನ್ನು ಒಂದೊಂದಾಗಿ ಒತ್ತಿ ಬೆರಳು ಸವೆಸಿದವರು ಈ ತಾರತಮ್ಯವನ್ನು ಇನ್ನೂ ಕ್ಷಮಿಸಿಲ್ಲ.

● ಬಾಗಲಕೋಟೆಯ ಬಸವೇಶ್ವರ ಇಂಜಿನಿಯರಿಂಗ್ ಕಾಲೇಜು ಶುರುವಾದದ್ದು 1963ರಲ್ಲಿ, 8086 ಹುಟ್ಟುವ 15 ವರ್ಷ ಮೊದಲು. ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಬಂದದ್ದು 1998ರಲ್ಲಿ, ಆ ಚಿಪ್ ಹುಟ್ಟಿದ 20 ವರ್ಷಕ್ಕೆ. ಆ ವಿಶ್ವವಿದ್ಯಾಲಯದ ಹಳೆಯ 8086 ಲ್ಯಾಬ್ ಪಟ್ಟಿಯಲ್ಲಿ ಒಂದು ಪ್ರಯೋಗ: ಹಿಂದುಮುಂದಾಗಿ ಓದಿದರೂ ಒಂದೇ ಆಗುವ ಪದವೇ ಎಂದು ಪರೀಕ್ಷಿಸುವುದು. ಅದಕ್ಕೆ ನಮ್ಮ ‘ವಿಕಟಕವಿ’ಯನ್ನು ಕೊಟ್ಟರೆ ‘ಅಲ್ಲ’ ಎನ್ನುತ್ತದೆ! ಬೈಟುಗಳನ್ನು ತಿರುಗಿಸಿದರಂತೂ ಕಸ, ಚಿಹ್ನೆಗಳನ್ನು ತಿರುಗಿಸಿದರೂ ‘ವಿ’ಯ ಗುಡಿಸು ‘ವ’ಕ್ಕಿಂತ ಮುಂದೆ ಬಂದು ನಿಲ್ಲುತ್ತದೆ. ಗುಡಿಸನ್ನು ಅಕ್ಷರದ ಜೊತೆಯಲ್ಲೇ ಹಿಡಿದು ಹೊರಳಿಸಿದರೆ ಮಾತ್ರ ವಿಕಟಕವಿಗೆ ನ್ಯಾಯ.

● ಹುಡುಕುವವನು ಎಲ್ಲವನ್ನೂ ನೋಡಲೇಬೇಕೆಂದಿಲ್ಲ. ರಾಬರ್ಟ್ ಬಾಯರ್ ಮತ್ತು ಜೆ ಸ್ಟ್ರೋದರ್ ಮೂರ್ 1977ರಲ್ಲಿ ಪ್ರಕಟಿಸಿದ ವಿಧಾನ ಪದದ ಕೊನೆಯಿಂದ ತಾಳೆ ನೋಡುತ್ತದೆ. ‘ಜಮಖಂಡಿ’ಯ ಹದಿನೆಂಟನೇ ಬೈಟಿನ ಎದುರು ಆ ಪದದಲ್ಲೆಲ್ಲೂ ಇಲ್ಲದ ಬೈಟು ಬಂದರೆ ಒಂದೇ ನೆಗೆತಕ್ಕೆ 18 ಬೈಟು ದಾಟಿಬಿಡುತ್ತದೆ. ಕನ್ನಡದಲ್ಲಿ ಇದಕ್ಕೊಂದು ಸೊಗಸು ಇದೆ. ಮೂರರ ತಾಳದಲ್ಲಿ ಓಡುತ್ತಿರುವಾಗ ಪದಗಳ ನಡುವಿನ ಖಾಲಿ ಜಾಗ, ಒಂದೇ ಬೈಟಿನದು, ತಾಳ ತಪ್ಪಿಸುತ್ತದೆ. ಆಗ ಎದುರಿಗೆ 224 ಸಿಕ್ಕರೆ ಎರಡು ಹೆಜ್ಜೆ, 178 ಸಿಕ್ಕರೆ ಒಂದು ಹೆಜ್ಜೆ ಸರಿದು ಮತ್ತೆ ತಾಳಕ್ಕೆ ಬಂದುಬಿಡುತ್ತದೆ. ಕರಡಿ ಮಜಲಿನಲ್ಲಿ ಪೆಟ್ಟು ತಪ್ಪಿದವನು ಮುಂದಿನ ಆವರ್ತಕ್ಕೆ ಸೇರಿಕೊಳ್ಳುವ ಹಾಗೆ.

● ಈಗಿನ ಪ್ರೋಗ್ರಾಮುಗಳು ಸ್ಕ್ಯಾಸ್‌ಬಿಯನ್ನು ಕರೆಯುವುದೇ ಅಪರೂಪ. ಎಸ್‌ಎಸ್‌ಇ2 ಆದೇಶಗಳು ಒಂದೇ ಏಟಿಗೆ 16 ಬೈಟುಗಳನ್ನು ತಾಳೆ ನೋಡುತ್ತವೆ, ಎವಿಎಕ್ಸ್2 32ನ್ನು. 2012ರ ಐವಿ ಬ್ರಿಡ್ಜ್ ಚಿಪ್‌ಗಳಲ್ಲಿ ಇಂಟೆಲ್ ನಕಲು ಮಾಡುವ ಮತ್ತು ತುಂಬುವ ಸ್ಟ್ರಿಂಗ್ ಆದೇಶಗಳಿಗೆ ಹೊಸ ವೇಗ ಕೊಟ್ಟಿತು, ಹುಡುಕುವ ಅಣ್ಣನನ್ನು ಹಾಗೇ ಬಿಟ್ಟಿತು. ನಿಮ್ಮ ಜೇಬಿನ ಮೊಬೈಲಿನಲ್ಲಂತೂ ಅವನು ಇಲ್ಲವೇ ಇಲ್ಲ, ಅಲ್ಲಿರುವುದು ಆರ್ಮ್ ಜಾತಿಯ ಚಿಪ್.

● ಮತ್ತೆ ನಮ್ಮ ‘ಮಗ’ನ ಪ್ರಕರಣಕ್ಕೆ ಬರೋಣ. ಮಗ್ಗವನ್ನು ಬಿಟ್ಟು ಮಗನನ್ನಷ್ಟೇ ಹಿಡಿಯುವುದು ಹೇಗೆ? ಆಚೀಚೆ ಖಾಲಿ ಜಾಗ ಇರಲೇಬೇಕು ಎಂದರೆ ಇಂಗ್ಲಿಷಿನಲ್ಲಿ ಕೆಲಸ ಆದೀತು. ಕನ್ನಡದಲ್ಲಿ ಮಗ ಒಂಟಿಯಾಗಿ ತಿರುಗುವುದು ಕಡಿಮೆ. ಮಗನ, ಮಗನಿಗೆ, ಮಗನಿಂದ ಎಂದು ಬಾಲ ಕಟ್ಟಿಕೊಂಡೇ ಬರುತ್ತಾನೆ. ಇನ್ನೊಂದು ಉಪಾಯ: ಆರು ಬೈಟು ಸಿಕ್ಕ ಮೇಲೆ ಮುಂದಿನ ಮೂರನ್ನೂ ಇಣುಕಿ ನೋಡುವುದು. ಅವು 224, 179, 141 ಆಗಿದ್ದರೆ ಅದು ಒತ್ತಕ್ಷರ ತರುವ ಹಲಂತ, ಅಂದರೆ ಮಗ್ಗ, ಬಿಟ್ಟುಬಿಡು. 224, 179, 129 ಆಗಿದ್ದರೆ ಕೊಂಬು, ಅಂದರೆ ಮಗು, ಅದನ್ನೂ ಬಿಡು. ಲ್ಯಾಬಿನಲ್ಲಿ ಒಬ್ಬ ಹುಡುಗ, ಮನೆಯಲ್ಲಿ ನಾಲ್ಕು ಮಗ್ಗ ಇದ್ದವನು, ಇಷ್ಟನ್ನೂ ಬರೆದು ಓಡಿಸಿದ. ಮಗ್ಗ ಹೋಯಿತು, ಮಗು ಹೋಯಿತು. ‘ಮಗಳು’ ಮಾತ್ರ ಪ್ರತಿ ಸಲ ಬರುತ್ತಲೇ ಇದ್ದಳು, ಯಾಕೆಂದರೆ ‘ಮಗ’ದ ಮುಂದೆ ಅವಳಿಗಿರುವುದು ‘ಳ’, ಮಗನಿಗಿರುವ ‘ನ’ದ ಹಾಗೆಯೇ ಒಂದು ಪೂರ್ಣಾಕ್ಷರ. ಇನ್ನೊಂದು ಷರತ್ತು ಸೇರಿಸು ಎಂದೆ. ಪರದೆ ನೋಡುತ್ತಲೇ ಹೇಳಿದ, “ಮಗಳು ಬಂದ್ರ ಬರ್ಲಿ ಬಿಡ್ರಿ ಸರ.”